ಹಿತ್ತಲಿನ ಹಳೆಯ ಕುಂಬಳದ ಪಕ್ಕದಲ್ಲಿ ಬಟರ್‌ನಟ್ ಊರಿದರೆ ಮನೆಯ ತಳಿ ಉಳಿಯುವುದೇ?

ಟಿಳಕವಾಡಿ ಹಿತ್ತಲು (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಬೈಲಹೊಂಗಲದ ತವರಿನಿಂದ ತಂದ ಕುಂಬಳದ ಬೀಜವನ್ನೇ ನಾವು ವರ್ಷವೂ ಹಿತ್ತಲಿನಲ್ಲಿ ಊರುತ್ತ ಬಂದಿದ್ದೇವೆ. ಕಾಯಿ ಚಪ್ಪಟೆಯಾಗಿದ್ದು ಮೈಮೇಲೆ ಆಳವಾದ ಗೆರೆಗಳಿರುತ್ತವೆ. ಎಳೆಯದಿರುವಾಗ ಕಡುಹಸಿರಿನ ನಡುವೆ ತಿಳಿ ಮಚ್ಚೆಗಳು ಕಾಣುತ್ತವೆ. ಬಲಿತಂತೆ ಹಸಿರು ಹೋಗಿ ತಿಳಿಗಂದು ಬಣ್ಣ ಬಂದು, ಮೇಲೆ ಒರೆಸಿದರೆ ಹೋಗುವಂಥ ತೆಳುವಾದ ಬೂದಿ ಕೂಡುತ್ತದೆ. ತಿರುಳು ಗಟ್ಟಿ, ಪಲ್ಯ ಎಷ್ಟು ಹೊತ್ತು ಒಲೆಯ ಮೇಲಿದ್ದರೂ ಹೋಳು ಒಡೆಯುವುದಿಲ್ಲ. ಪೇಟೆಯಲ್ಲಿ ಕೊಯ್ದು ತೂಗಿ ಮಾರುವ ಕುಂಬಳದಲ್ಲಿ ಈ ಗುಣ ನಮಗೆ ಸಿಕ್ಕಿಲ್ಲವಾದ್ದರಿಂದ ಈ ಬೀಜದ ಮೇಲೆ ಮನೆಯವರೆಲ್ಲರಿಗೂ ಮಮತೆ.

ಈ ಸಲ ಮಗಳು ಪುಣೆಯಿಂದ ಬಟರ್‌ನಟ್ ಎಂಬ ಉದ್ದನೆಯ ಕುಂಬಳದ ಬೀಜದ ಪೊಟ್ಟಣವೊಂದನ್ನು ತಂದಿದ್ದಾಳೆ. ನಮಗಿರುವುದು ಒಂದೇ ಹಿತ್ತಲು, ಎರಡನ್ನೂ ದೂರ ದೂರ ಹಾಕುವಷ್ಟು ಜಾಗವಿಲ್ಲ. ನೆರೆಯವರೊಬ್ಬರು, ಎರಡನ್ನೂ ಕೂಡಿ ಹಾಕಿದರೆ ಈ ವರ್ಷದ ಕಾಯಿಯ ರುಚಿಯೇ ಕೆಡುತ್ತದೆ ಎಂದರು. ಇನ್ನೊಬ್ಬರು, ಅದು ವಿದೇಶದ ಜಾತಿ, ನಮ್ಮದರ ಜೊತೆ ಬೆರೆಯುವುದೇ ಇಲ್ಲ ಎಂದರು. ತಿಳಿದವರು ದಯವಿಟ್ಟು ಹೇಳಬೇಕು. ಜೊತೆಗೆ, ಬೆಳಗಾವಿಯ ಮಳೆಯಲ್ಲಿ ಬೀಜ ಊರಲು ಯಾವ ಸಮಯ ತಕ್ಕದ್ದು, ಮತ್ತು ಬಟರ್‌ನಟ್‌ನಿಂದ ಗಾರಿಗೆ ಆಗುತ್ತದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಅರಭಾವಿಯ ಹಳೆಯ ವಿದ್ಯಾರ್ಥಿ (ಗೋಕಾಕ)

ಅಕ್ಕನವರೇ, ನಿಮ್ಮ ನೆರೆಯವರಿಬ್ಬರ ಮಾತೂ ಸರಿಯಲ್ಲ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಬೇರೆ ತಳಿಯ ಪರಾಗ ಬಿದ್ದಿತೆಂದು ಈ ವರ್ಷದ ಕಾಯಿಯ ತಿರುಳು, ಸಿಪ್ಪೆ, ರುಚಿ ಯಾವುದೂ ಬದಲಾಗುವುದಿಲ್ಲ, ಏಕೆಂದರೆ ಅವೆಲ್ಲ ತಾಯಿಬಳ್ಳಿಯ ಭಾಗಗಳು. ಬೆರಕೆಯಾಗುವುದು ಒಳಗಿರುವ ಬೀಜ. ಆ ಬೀಜವನ್ನು ಮುಂದಿನ ವರ್ಷ ಊರಿದಾಗ ಮಾತ್ರ ಅರ್ಧ ಚಪ್ಪಟೆ, ಅರ್ಧ ಉದ್ದನೆಯ ಕಾಯಿಗಳು ಕಾಣಿಸಿಕೊಳ್ಳುತ್ತವೆ. ಹೀಗಾಗಿ ತಿನ್ನುವುದಕ್ಕಷ್ಟೇ ಬೆಳೆಯುವವರು ಈ ಬಗ್ಗೆ ಚಿಂತಿಸಬೇಕಾದದ್ದೇ ಇಲ್ಲ.

ಎರಡನೆಯ ಮಾತು ಇನ್ನೂ ದೊಡ್ಡ ತಪ್ಪು. ಅಡುಗೆಗೆ ಬಳಸುವ ಕುಂಬಳಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ: ಕುಕುರ್ಬಿಟಾ ಮೊಸ್ಕಾಟಾ, ಕುಕುರ್ಬಿಟಾ ಮ್ಯಾಕ್ಸಿಮಾ, ಕುಕುರ್ಬಿಟಾ ಪೆಪೊ. ಮೂರೂ ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ, ಆದ್ದರಿಂದ ವಿದೇಶದ್ದು ಎಂಬ ಮಾತು ನಿಮ್ಮ ಅತ್ತೆಯವರ ಕುಂಬಳಕ್ಕೂ ಸಲ್ಲುತ್ತದೆ. ನೀವು ವರ್ಣಿಸಿದ ಗೆರೆಕಾಯಿ ಮೊಸ್ಕಾಟಾ ಜಾತಿಯದು. ಬಟರ್‌ನಟ್ ಕೂಡ ಅದೇ ಮೊಸ್ಕಾಟಾ. ಒಂದೇ ಜಾತಿಯ ಎರಡು ತಳಿಗಳು ಒಂದೇ ಹಿತ್ತಲಿನಲ್ಲಿ ಹೂ ಬಿಟ್ಟರೆ ಜೇನುಹುಳು ಬೆರೆಸದೆ ಬಿಡುವುದಿಲ್ಲ. ಅದಕ್ಕೆ ಒಂದು ಕಿಲೋಮೀಟರ್ ದೂರವೂ ಲೆಕ್ಕಕ್ಕಿಲ್ಲ.

ಜಾತಿಯನ್ನು ಗುರುತಿಸಲು ಕಾಯಿಯ ತೊಟ್ಟನ್ನು ನೋಡಬೇಕು. ಮೊಸ್ಕಾಟಾದ ತೊಟ್ಟು ಗಡುಸಾಗಿ, ಐದು ಮೂಲೆಗಳುಳ್ಳದ್ದಾಗಿ, ಕಾಯಿಗೆ ಕೂಡುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಮ್ಯಾಕ್ಸಿಮಾದ ತೊಟ್ಟು ದುಂಡಗೆ, ಬೆಂಡಿನಂತೆ ಮೆತ್ತಗೆ, ಉಗುರಿನಿಂದ ಒತ್ತಿದರೆ ಒಳಸರಿಯುತ್ತದೆ. ಪೆಪೊದ ತೊಟ್ಟು ಗಡುಸು ಮತ್ತು ಮೂಲೆಯುಳ್ಳದ್ದೇ ಆದರೂ ಬುಡದಲ್ಲಿ ಅಗಲವಾಗಿ ಹರಡುವುದಿಲ್ಲ. ಮೊಸ್ಕಾಟಾದ ಎಲೆಯ ಮೇಲೆ ನರಗಳು ಕವಲೊಡೆಯುವ ಕಡೆ ಬಹಳ ಸಲ ಬೆಳ್ಳಿಬಣ್ಣದ ಮಚ್ಚೆಗಳಿರುತ್ತವೆ. ಹೊಸಬರು ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಚಂದನ್ ಮೊಸ್ಕಾಟಾ, ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾ. ಆದ್ದರಿಂದ ಹೊಸ ರುಚಿ ನೋಡುವುದೇ ನಿಮ್ಮ ಮಗಳ ಆಸೆಯಾಗಿದ್ದರೆ ಬಟರ್‌ನಟ್ ಬದಲು ಸೂರ್ಯಮುಖಿಯನ್ನು ಹಾಕಬಹುದು. ಅದು ನಿಮ್ಮ ಹಳೆಯ ಬಳ್ಳಿಯ ಪಕ್ಕದಲ್ಲೇ ಹಬ್ಬಿದರೂ ಬೀಜ ಬೆರಕೆಯಾಗುವ ಭಯ ಬಹಳ ಕಡಿಮೆ. ಮ್ಯಾಕ್ಸಿಮಾ ಮತ್ತು ಮೊಸ್ಕಾಟಾ ತಾವಾಗಿ ಕೂಡುವುದು ಅಪರೂಪ, ಕೂಡಿದರೂ ಆ ಗಿಡ ಮುಂದೆ ಸರಿಯಾಗಿ ಬೀಜ ಕಟ್ಟುವುದಿಲ್ಲ.

ಬಟರ್‌ನಟ್ಟೇ ಬೇಕೆಂದರೆ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಕುಂಬಳದಲ್ಲಿ ಗಂಡುಹೂವು, ಹೆಣ್ಣುಹೂವು ಬೇರೆಬೇರೆ. ಗಂಡುಹೂವು ಉದ್ದನೆಯ ತೆಳು ತೊಟ್ಟಿನ ಮೇಲೆ ನಿಲ್ಲುತ್ತದೆ, ಹೆಣ್ಣುಹೂವಿನ ಬುಡದಲ್ಲಿ ಗುಂಡಿಯಷ್ಟು ಕಾಯಿ ಆಗಲೇ ಇರುತ್ತದೆ. ನಾಳೆ ಬೆಳಗ್ಗೆ ಅರಳುವ ಮೊಗ್ಗಿನ ತುದಿ ಹಿಂದಿನ ಸಂಜೆ ಹಸಿರು ಬಿಟ್ಟು ಹಳದಿಗೆ ತಿರುಗಿರುತ್ತದೆ. ಅಂಥ ಒಂದು ಹೆಣ್ಣು ಮೊಗ್ಗು, ಅದೇ ತಳಿಯ ಬೇರೆ ಬಳ್ಳಿಯ ಎರಡು ಮೂರು ಗಂಡು ಮೊಗ್ಗು, ಇವುಗಳ ತುದಿಗೆ ಸಂಜೆಯೇ ದಾರ ಸುತ್ತಿ ಬಿಗಿಯಬೇಕು. ಬೆಳಗ್ಗೆ ಬಿಸಿಲೇರುವ ಮೊದಲು ಗಂಡುಹೂವನ್ನು ಕಿತ್ತು, ಎಸಳುಗಳನ್ನು ತೆಗೆದುಹಾಕಿ, ನಡುವಿನ ದಂಡಿನಲ್ಲಿರುವ ಪರಾಗವನ್ನು ಹೆಣ್ಣುಹೂವಿನ ನಡುವಿನ ಮೂರು ಹೋಳಿನ ಶಲಾಕಾಗ್ರದ ಮೇಲೆ ಎಲ್ಲ ಕಡೆಯೂ ಹತ್ತುವಂತೆ ಸವರಿ, ಮತ್ತೆ ಹೆಣ್ಣುಹೂವಿನ ಬಾಯಿ ಕಟ್ಟಬೇಕು. ಒಂದು ಗಂಡುಹೂವು ಸಾಕೆಂದು ಬಿಟ್ಟರೆ ಕಾಯಿ ಒಂದು ಕಡೆ ಸೊಟ್ಟಗಾಗುವುದುಂಟು. ಎಸಳು ಬಾಡಿ ಬಿದ್ದ ಮೇಲೆ ಕಾಯಿ ಯಾವುದೆಂದು ಮರೆಯದಂತೆ ತೊಟ್ಟಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟಿಡಿ. ತೊಟ್ಟು ದಪ್ಪವಾಗುವುದರಿಂದ ಬಿಗಿದು ಕಟ್ಟಬಾರದು. ಇದನ್ನು ಬಳ್ಳಿಯ ಮೊದಲ ಹೆಣ್ಣುಹೂವುಗಳಿಗೇ ಮಾಡುವುದು ಒಳ್ಳೆಯದು. ಈಗಾಗಲೇ ಕಾಯಿ ಹೊತ್ತ ಬಳ್ಳಿ ಹೊಸ ಹೀಚುಗಳನ್ನು ಉದುರಿಸಿಬಿಡುತ್ತದೆ.

ಇಂಡಿಯ ಎರೆಹೊಲ (ವಿಜಯಪುರ)

ಅರಭಾವಿಯವರು ಶಾಸ್ತ್ರವನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೂ ನನ್ನದೊಂದು ತಕರಾರು ಇದೆ. ನಮ್ಮ ಆಯಿ ಯಾವ ಹೂವಿಗೂ ದಾರ ಕಟ್ಟಿದವಳಲ್ಲ. ತಿಪ್ಪೆಯ ಅಂಚಿನಲ್ಲಿ ನಾಲ್ಕು ಬೀಜ ಊರಿ, ಬಳ್ಳಿಯನ್ನು ಬೇಲಿಗೋ ಮಾಳಿಗೆಗೋ ಹಬ್ಬಿಸಿ, ಸೀಗಿ ಹುಣ್ಣಿಮೆಯ ಹೊತ್ತಿಗೆ ಮೊದಲ ಕಾಯಿ ಇಳಿಸುತ್ತಿದ್ದಳು. ಬೀಜಕ್ಕೆ ಅವಳು ಕಾಯಿಯನ್ನು ಹೊಲದಲ್ಲಿ ಆರಿಸುತ್ತಲೇ ಇರಲಿಲ್ಲ. ಎಲ್ಲ ಕಾಯಿಗಳನ್ನೂ ನೆಲುವಿನಲ್ಲಿ ತೂಗುಹಾಕಿ, ಒಂದೊಂದನ್ನೇ ಅಡುಗೆಗೆ ತೆಗೆಯುತ್ತ, ಯುಗಾದಿಯವರೆಗೂ ಕೊಳೆಯದೆ, ತೊಟ್ಟು ಕಳಚದೆ ಉಳಿದ ಕಾಯಿಯನ್ನು ಹೋಳು ಮಾಡಿ ಬೇಯಿಸಿ, ರುಚಿ ನೋಡಿ, ಆಮೇಲೆ ಅದರ ಬೀಜವನ್ನು ಇಡುತ್ತಿದ್ದಳು. ರುಚಿಯಿಲ್ಲದ ಕಾಯಿಯ ಬೀಜ ಹುರಿದು ಮಕ್ಕಳ ಕೈಗೆ ಹೋಗುತ್ತಿತ್ತು.

ನಮ್ಮ ಭಾಗದ ಹಳೆಯ ಕುಂಬಳಗಳು ಒಂದೇ ಅಚ್ಚಿನವಾಗಿ ಯಾವತ್ತೂ ಇರಲಿಲ್ಲ. ಒಂದೇ ಬಳ್ಳಿಯ ಬೀಜದಿಂದ ಒಂದು ಕಾಯಿ ಚಪ್ಪಟೆ, ಇನ್ನೊಂದು ದುಂಡಗೆ ಬರುವುದನ್ನು ನೋಡಿಯೇ ಬೆಳೆದಿದ್ದೇವೆ. ಬಾಳಿಕೆ ಮತ್ತು ರುಚಿ ಎರಡನ್ನೇ ಅವರು ಹಿಡಿದುಕೊಂಡು ಬಂದರು. ಬಟರ್‌ನಟ್ಟಿನ ಪರಾಗ ಸ್ವಲ್ಪ ಸೇರಿದರೆ ಏನು ಮುಳುಗಿಹೋಗುತ್ತದೆ? ಒಳ್ಳೆಯದು ಬಂದರೆ ಇಟ್ಟುಕೊಳ್ಳಿ, ಕೆಟ್ಟದ್ದು ಬಂದರೆ ದನಕ್ಕೆ ಹಾಕಿ.

ಬೆಳೆಸುವ ವಿಷಯಕ್ಕೆ ಬಂದರೆ, ನಮ್ಮಂಥ ಎರೆ ಭೂಮಿಯಲ್ಲಿ ಬೀಜವನ್ನು ಸಮತಟ್ಟಾದ ನೆಲದಲ್ಲಿ ಊರಬಾರದು. ಒಂದು ಜೋರು ಮಳೆಗೆ ನೀರು ನಿಂತು ಬೀಜ ಕೊಳೆಯುತ್ತದೆ, ಬಿಸಿಲು ಬಿದ್ದರೆ ಬಿರುಕು ಬಿಟ್ಟು ಎಳೆಯ ಬೇರು ಹರಿಯುತ್ತದೆ. ಮೊಣಕಾಲುದ್ದದ ಗುಂಡಿ ತೋಡಿ, ಅರ್ಧದಷ್ಟು ಕಳಿತ ತಿಪ್ಪೆಗೊಬ್ಬರ, ಅರ್ಧ ಮೇಲ್ಮಣ್ಣು ಬೆರೆಸಿ ತುಂಬಿ, ಮೇಲೆ ಗೇಣೆತ್ತರದ ದಿಬ್ಬ ಮಾಡಿ, ಆ ದಿಬ್ಬದ ಮೇಲೆ ಊರಬೇಕು. ಹಸಿ ಗೊಬ್ಬರ, ಯೂರಿಯಾ ಹೆಚ್ಚಾದರೆ ಬಳ್ಳಿ ಕೇರಿಯೆಲ್ಲ ಹಬ್ಬುತ್ತದೆ, ಕಾಯಿ ಮಾತ್ರ ಕಾಣುವುದಿಲ್ಲ.

ನವನಗರದ ಕೈತೋಟ (ಬಾಗಲಕೋಟೆ)

ಇಂಡಿ ಊರಿನ ಅಣ್ಣನವರ ಮಾತು ನನಗೆ ಬಹಳ ಹಿಡಿಸಿತು, ಆದರೆ ಒಪ್ಪಲಾರೆ.

ಅವರ ಆಯಿಯ ಕಾಲದಲ್ಲಿ ಜೇನುಹುಳು ಎಲ್ಲಿಂದ ಪರಾಗ ತಂದರೂ ಅದು ಅಂಥದೇ ಇನ್ನೊಂದು ತಿಪ್ಪೆಯ ಮೇಲಿನ ಅಂಥದೇ ಕುಂಬಳದ್ದಾಗಿರುತ್ತಿತ್ತು. ಊರೆಲ್ಲ ಬೆಳೆಯುತ್ತಿದ್ದದ್ದು ಒಂದೇ ಬಗೆ. ಬೆರಕೆಯಾದರೂ ಊರೊಳಗಿನ ಬೆರಕೆ. ಈಗ ಎರಡು ಹೊಲದ ಆಚೆಗೆ ಪೇಟೆಗೆಂದು ಹೈಬ್ರಿಡ್ ಕುಂಬಳವನ್ನು ಎಕರೆಗಟ್ಟಲೆ ಹಾಕಿದವರಿರುತ್ತಾರೆ. ನಮ್ಮ ಮನೆಯ ಎರಡು ಬಳ್ಳಿಯ ಹೂವಿಗೆ ಬೀಳುವ ಪರಾಗದಲ್ಲಿ ಹೆಚ್ಚಿನದು ಅಲ್ಲಿಂದಲೇ ಬರುವುದು. ಕಾಯಿ ಆರಿಸುವಾಗ ನಾವು ತಾಯಿಯನ್ನಷ್ಟೇ ಆರಿಸುತ್ತೇವೆ. ತಂದೆ ಯಾರೆಂಬುದು ಹೊರಗಿನಿಂದ ಕಾಣುವುದಿಲ್ಲ. ಹೀಗೆ ನಾಲ್ಕಾರು ಮಳೆಗಾಲ ಕಳೆದರೆ ಹೆಸರು ಮಾತ್ರ ಹಳೆಯ ಕುಂಬಳ, ಒಳಗಿನದೆಲ್ಲ ಬೇರೆಯದಾಗಿರುತ್ತದೆ. ಸಾವಿರ ಬಳ್ಳಿಗಳ ನಡುವೆ ಆರಿಸುವುದಕ್ಕೂ ಎರಡು ಬಳ್ಳಿಗಳ ನಡುವೆ ಆರಿಸುವುದಕ್ಕೂ ವ್ಯತ್ಯಾಸವಿಲ್ಲವೇ?

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವೂ ಇದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದಾಗ ಮನೆಗಳಿಗೆ ಪರಿಹಾರ ಸಿಕ್ಕಿತು, ಹಿತ್ತಲಿನಲ್ಲಿ ಬೀಳುತ್ತಿದ್ದ ಬೀಜಕ್ಕೆ ಯಾರೂ ಲೆಕ್ಕ ಹಾಕಲಿಲ್ಲ. ನಿವೇಶನಗಳಿಗೆ ಬಂದವರ ಮನೆಯ ಮುಂದೆ ತುಳಸಿಕಟ್ಟೆಗೆ ಜಾಗವಾದರೆ ಹೆಚ್ಚು. ನಮ್ಮ ಮನೆಯ ಬೀಜ ಉಳಿದದ್ದು ಬಾದಾಮಿ ತಾಲೂಕಿನ ಸೋದರತ್ತೆಯ ಹೊಲದಲ್ಲಿ. ಬನಶಂಕರಿ ಜಾತ್ರೆಗೆ ಮೊದಲು ಪಲ್ಯದ ಹಬ್ಬದಲ್ಲಿ ದೇವಿಗೆ ನೂರೆಂಟು ಬಗೆಯ ಪಲ್ಯ ನೈವೇದ್ಯ ಮಾಡುವ ಸೀಮೆ ನಮ್ಮದು. ಆ ಎಡೆಯಲ್ಲಿ ಕುಂಬಳ ತಪ್ಪುವುದಿಲ್ಲ, ಆದರೆ ಅದು ಯಾವ ಕುಂಬಳ ಎಂದು ಈಗ ಯಾರೂ ಕೇಳುವುದಿಲ್ಲ.

ಖಾನಾಪುರದ ಮಳೆ

ಸಮಯದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ವಿಜಯಪುರದವರು ರೋಹಿಣಿ, ಮೃಗಶಿರ ಮಳೆಗೆ ಊರಿದರೆ ಚಿಂತೆಯಿಲ್ಲ, ಅಲ್ಲಿ ವರ್ಷಪೂರ್ತಿ ಬೀಳುವುದೇ 600 ಮಿಲಿಮೀಟರಿನ ಆಸುಪಾಸು. ಬೆಳಗಾವಿ ನಗರದಲ್ಲಿ ಅದರ ಇಮ್ಮಡಿ, ಖಾನಾಪುರದ ಕಾಡಂಚಿನಲ್ಲಿ ಇನ್ನೂ ಹೆಚ್ಚು. ಊರಿದ ದಿನದಿಂದ ಹೂ ಬಿಡಲು ಸುಮಾರು ಒಂದೂವರೆ ತಿಂಗಳು ಬೇಕು. ಜೂನ್ ಮೊದಲಿಗೆ ಊರಿದರೆ ಹೂವು ಸರಿಯಾಗಿ ಜುಲೈ ತಿಂಗಳ ಜಡಿಮಳೆಗೆ ಸಿಕ್ಕುತ್ತದೆ. ಪರಾಗ ತೊಳೆದುಹೋಗುತ್ತದೆ, ಜೇನು ಹೊರಗೆ ಬರುವುದಿಲ್ಲ, ಹೀಚು ಕೊಳೆಯುತ್ತದೆ. ಪುನರ್ವಸು ಮಳೆಯ ಹೊತ್ತಿಗೆ ಊರಿದರೆ ಆಗಸ್ಟ್ ಕೊನೆಗೆ, ಮಳೆ ತಗ್ಗಿದ ಮೇಲೆ, ಹೂವು ಬರುತ್ತದೆ. ಮೊದಮೊದಲು ಬರೀ ಗಂಡುಹೂವು ಬರುತ್ತದೆಂದು ಗಾಬರಿಯಾಗಬೇಡಿ. ಅವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯಿರಿ, ಹೆಣ್ಣುಹೂವು ಆಮೇಲೆ ಬರುತ್ತದೆ.

ಹಣ್ಣುನೊಣದ ಕಾಟ ನಮ್ಮಲ್ಲಿ ವಿಪರೀತ. ಅದು ಎಳೆ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟಿನ ಒಂದು ಹನಿ ಕಾಣುತ್ತದೆ, ಕೆಲ ದಿನಗಳಲ್ಲಿ ಒಳಗೆಲ್ಲ ಹುಳು. ಹೀಚಿಗೆ ಹಳೆಯ ಬಟ್ಟೆಯ ಚೀಲ ಕಟ್ಟಿಬಿಡುವುದೇ ಮನೆಯ ಮಟ್ಟಕ್ಕೆ ಸುಲಭ. ವಾಸನೆಯಿಂದ ನೊಣಗಳನ್ನು ಸೆಳೆಯುವ ಕ್ಯೂಲೂರ್ ಬಲೆ ಗಂಡುನೊಣಗಳನ್ನಷ್ಟೇ ಹಿಡಿಯುತ್ತದೆ, ಆದ್ದರಿಂದ ಒಂದೇ ಮನೆಯವರು ತೂಗುಹಾಕಿದರೆ ಹೆಚ್ಚಿನ ಫಲವಿಲ್ಲ, ಓಣಿಯವರೆಲ್ಲ ಹಾಕಬೇಕು. ಬಿದ್ದ ಕಾಯಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ಕೆಂಪು ದುಂಬಿ ಎರಡೆಲೆಯ ಸಸಿಯನ್ನೇ ತಿಂದುಹಾಕುವುದರಿಂದ ಬೆಳಗಿನ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಉದುರಿಸಿ. ಚಳಿ ಶುರುವಾದಾಗ ಎಲೆಗಳ ಮೇಲೆ ಬರುವ ಬೂದಿರೋಗಕ್ಕೆ ಗಂಧಕ ಹೊಡೆಯುವವರು ಬಿಸಿಲಿನ ಹೊತ್ತು ಹೊಡೆಯಬಾರದು, ಕುಂಬಳದ ಜಾತಿಯ ಎಲೆಗಳು ಸುಡುತ್ತವೆ. ಯಾವ ಔಷಧಿಯನ್ನೂ ಹೂ ಅರಳಿರುವ ಬೆಳಗಿನ ಹೊತ್ತಿನಲ್ಲಿ ಹೊಡೆಯಬೇಡಿ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಎಲ್ಲರಿಗೂ ಧನ್ಯವಾದಗಳು. ತೊಟ್ಟನ್ನು ನೋಡಿದೆ, ಅರಭಾವಿಯ ಅಣ್ಣನವರು ಹೇಳಿದಂತೆಯೇ ಐದು ಮೂಲೆ, ಬುಡ ಅಗಲ. ಬಟರ್‌ನಟ್ಟಿನ ಪೊಟ್ಟಣದ ಮೇಲೆ ವಾಲ್ಥಮ್ ಎಂದು ಬರೆದಿದೆ. ಇದು ಹೈಬ್ರಿಡ್ಡೇ? ಮತ್ತೆ, ಕಾಯಿ ಯಾವಾಗ ಇಳಿಸಬೇಕು, ಬೀಜ ಯಾವಾಗ ತೆಗೆಯಬೇಕು ಎಂಬುದರಲ್ಲಿ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ. ಅತ್ತೆಯವರು ಕಾಯಿ ಇಳಿಸಿದ ತಕ್ಷಣ ಕೊಯ್ಯಲು ಬಿಡುವುದಿಲ್ಲ, ನಮ್ಮ ಯಜಮಾನರಿಗೆ ಅಂದೇ ಪಲ್ಯ ಆಗಬೇಕು.

ಅರಭಾವಿಯ ಹಳೆಯ ವಿದ್ಯಾರ್ಥಿ (ಗೋಕಾಕ)

ವಾಲ್ಥಮ್ ಬಟರ್‌ನಟ್ ಹೈಬ್ರಿಡ್ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆಯ್ಕೆ ಮಾಡಿ ಬೆಳೆಸಿದ ತಳಿ ಅದು. 1970ರಲ್ಲಿ ಅಲ್ಲಿನ ಆಲ್ ಅಮೆರಿಕ ಸೆಲೆಕ್ಷನ್ಸ್ ಗೌರವ ಪಡೆಯಿತು. ಕೈಯಿಂದ ಪರಾಗಸ್ಪರ್ಶ ಮಾಡಿದರೆ ಅದರ ಬೀಜವನ್ನೂ ಇಟ್ಟುಕೊಳ್ಳಬಹುದು. ಬೇರೆ ಬಟರ್‌ನಟ್ ಪೊಟ್ಟಣಗಳಲ್ಲಿ ಎಫ್1 (ಅಂದರೆ ಮೊದಲ ತಲೆಮಾರಿನ ಹೈಬ್ರಿಡ್) ಎಂದಿದ್ದರೆ ಅದರ ಬೀಜ ಇಡುವ ಶ್ರಮ ಬೇಡ.

ಇಳಿಸುವ ವಿಷಯದಲ್ಲಿ ನಿಮ್ಮ ಅತ್ತೆಯವರೇ ಸರಿ. ಉಗುರಿನಿಂದ ಒತ್ತಿದರೆ ಸಿಪ್ಪೆಯಲ್ಲಿ ಗುರುತು ಮೂಡಬಾರದು, ತೊಟ್ಟು ಒಣಗಿ ಹಸಿರು ಕಳೆದುಕೊಂಡಿರಬೇಕು. ಅಲ್ಲಿಯವರೆಗೆ ಕಾಯಿ ಬಳ್ಳಿಯಲ್ಲೇ ಇರಲಿ. ಕೊನೆಯ ಹದಿನೈದು ದಿನ ನೀರು ಕಡಿಮೆ ಮಾಡಿ. ನಾಲ್ಕು ಬೆರಳಿನಷ್ಟು ತೊಟ್ಟು ಬಿಟ್ಟು ಕೊಯ್ದು, ತೊಟ್ಟು ಹಿಡಿದು ಎತ್ತದೆ ಎರಡೂ ಕೈಗಳಲ್ಲಿ ಎತ್ತಿ, ಗಾಳಿಯಾಡುವ ನೆರಳಿನಲ್ಲಿ ಹತ್ತು ದಿನ ಆರಲು ಬಿಡಬೇಕು. ತೊಟ್ಟು ಮುರಿದ ಕಾಯಿ ಮೊದಲು ಕೊಳೆಯುವುದು ಆ ಗಾಯದಿಂದಲೇ. ಹೀಗೆ ಇಟ್ಟಾಗ ತಿರುಳಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ಬಟರ್‌ನಟ್ ಅನ್ನು ಇಳಿಸಿದ ದಿನವೇ ತಿಂದು ಸಪ್ಪೆ ಎನ್ನುವವರು ಒಂದು ತಿಂಗಳು ಬಿಟ್ಟು ತಿಂದರೆ ಮಾತು ಬದಲಿಸುತ್ತಾರೆ. ಬೀಜವೂ ಕಾಯಿಯೊಳಗೇ ಇದ್ದು ಇನ್ನಷ್ಟು ತುಂಬಿಕೊಳ್ಳುತ್ತದೆ, ಆದ್ದರಿಂದ ಬೀಜದ ಕಾಯಿಯನ್ನು ಒಂದು ತಿಂಗಳಾದರೂ ಕೊಯ್ಯಬೇಡಿ.

ನವನಗರದವರ ಮತ್ತು ಇಂಡಿಯವರ ಜಗಳದಲ್ಲಿ ನನ್ನ ಅಭಿಪ್ರಾಯವನ್ನೂ ಸೇರಿಸುತ್ತೇನೆ. ಆಯಿಯ ಪರೀಕ್ಷೆ ಬಿಡಬಾರದು, ಆದರೆ ಅದು ನಡೆಯಬೇಕಾದದ್ದು ದಾರ ಕಟ್ಟಿದ ಕಾಯಿಗಳ ನಡುವೆ. ಕೈಯಿಂದ ಪರಾಗಸ್ಪರ್ಶ ಮಾಡಿದ ನಾಲ್ಕೈದು ಕಾಯಿಗಳಲ್ಲಿ ಯಾವುದು ಹೆಚ್ಚು ದಿನ ಬಾಳಿತು, ಯಾವುದು ರುಚಿಯಾಗಿತ್ತು ಎಂದು ನೋಡಿ ಬೀಜ ಇಡಿ. ಆಗ ತಂದೆಯೂ ನಿಮ್ಮ ಆಯ್ಕೆ, ತಾಯಿಯೂ ನಿಮ್ಮ ಆಯ್ಕೆ. ಒಂದೇ ಬಳ್ಳಿಯ ಬೀಜವನ್ನು ವರ್ಷಾನುವರ್ಷ ಹಿಡಿದುಕೊಳ್ಳದೆ, ಬಂಧುಗಳ ಹಿತ್ತಲುಗಳಲ್ಲಿರುವ ಅದೇ ತಳಿಯ ಐದಾರು ಬಳ್ಳಿಗಳ ಬೀಜವನ್ನು ಕೂಡಿಸುತ್ತ ಹೋಗಬೇಕು.

ಒಂದು ಎಚ್ಚರಿಕೆ. ಅಲಂಕಾರಕ್ಕೆಂದು ಮಾರುವ ಪುಟ್ಟ ಬಣ್ಣದ ಕುಂಬಳಗಳು ಪೆಪೊ ಜಾತಿಯವು, ಅವುಗಳಲ್ಲಿ ಬಹಳಷ್ಟು ಕಹಿ. ಅವು ನಮ್ಮ ಮೊಸ್ಕಾಟಾದ ಜೊತೆ ಸುಲಭವಾಗಿ ಕೂಡುವುದಿಲ್ಲವಾದರೂ ಜುಕಿನಿಯಂಥ ಪೆಪೊ ತರಕಾರಿಗಳ ಜೊತೆ ಕೂಡುತ್ತವೆ, ಆ ಬೀಜದಿಂದ ಬಂದ ಕಾಯಿಯಲ್ಲಿ ಕಹಿ ಇಳಿಯಬಹುದು. ಯಾವ ಕುಂಬಳವೇ ಆಗಲಿ, ಹಸಿ ಚೂರನ್ನು ನಾಲಿಗೆಗೆ ಮುಟ್ಟಿಸಿದಾಗ ಕಹಿಯಿದ್ದರೆ ಉಗಿದು ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿಯ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿಭೇದಿ ಹಿಡಿಸುತ್ತದೆ.

ಜಮಖಂಡಿಯ ಅಡುಗೆಮನೆ (ಬಾಗಲಕೋಟೆ)

ಬೀಜದ ಶಾಸ್ತ್ರ ಸಾಕಷ್ಟಾಯಿತು, ಗಾರಿಗೆಯ ಪ್ರಶ್ನೆ ಹಾಗೆಯೇ ಉಳಿದಿದೆ.

ಬಟರ್‌ನಟ್‌ನಿಂದ ಗಾರಿಗೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ, ಆದರೆ ಹಳೆಯ ಕುಂಬಳದ ಅಳತೆಯನ್ನು ಹಾಗೆಯೇ ಹಾಕಬಾರದು. ಗಾರಿಗೆಯ ಹಿಟ್ಟಿಗೆ ಹನಿ ನೀರೂ ಬೀಳಬಾರದು. ಕುಂಬಳ ಬಿಡುವ ನೀರು ಮತ್ತು ಕರಗಿದ ಬೆಲ್ಲದಲ್ಲೇ ಹಿಟ್ಟು ಕಲಸಬೇಕು. ಬಟರ್‌ನಟ್‌ನಲ್ಲಿ ನೀರು ಕಡಿಮೆ, ಸಿಹಿ ಹೆಚ್ಚು. ಎರಡು ಬಟ್ಟಲು ತುರಿಗೆ ಹಳೆಯ ಕುಂಬಳವಾದರೆ ಒಂದು ಬಟ್ಟಲು ಬೆಲ್ಲ, ಬಟರ್‌ನಟ್ ಆದರೆ ಮುಕ್ಕಾಲು ಸಾಕು. ತುರಿಯನ್ನು ಒಂದು ಚಮಚ ತುಪ್ಪದಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಪುಡಿಮಾಡಿದ ಬೆಲ್ಲ ಹಾಕಿ, ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಇನ್ನೂ ಕುದಿಸಿದರೆ ಪಾಕ ಏರಿ ಗಾರಿಗೆ ಕಲ್ಲಾಗುತ್ತದೆ. ಉಗುರುಬೆಚ್ಚಗಾದ ಮೇಲೆ ಚಿಟಿಕೆ ಉಪ್ಪು, ಏಲಕ್ಕಿ, ಸ್ವಲ್ಪ ಜಾಜಿಕಾಯಿ, ಎರಡು ಚಮಚ ಚಿರೋಟಿ ರವೆ, ಆಮೇಲೆ ಗೋದಿಹಿಟ್ಟನ್ನು ಮುಷ್ಟಿ ಮುಷ್ಟಿಯಾಗಿ ಹಾಕುತ್ತ, ಪೂರಿ ಹಿಟ್ಟಿಗಿಂತ ತುಸು ಮೆತ್ತಗೆ ಬರುವವರೆಗೆ ಕಲಸಿ. ಹಿಟ್ಟು ಎಷ್ಟು ಹಿಡಿಯುತ್ತದೆಂಬುದನ್ನು ಕಾಯಿಯೇ ಹೇಳುತ್ತದೆ, ಆದ್ದರಿಂದ ಹಿಟ್ಟಿಗೆ ನಾನು ಅಳತೆ ಕೊಡುವುದಿಲ್ಲ. ಅರ್ಧ ಗಂಟೆ ಮುಚ್ಚಿಟ್ಟು, ಎಣ್ಣೆ ಸವರಿದ ಬಾಳೆಲೆಯ ಮೇಲೆ ಸ್ವಲ್ಪ ದಪ್ಪಗೆ ತಟ್ಟಿ, ಒಂದು ಮಗ್ಗುಲಿಗೆ ಗಸಗಸೆ ಒತ್ತಿ, ಹದವಾದ ಉರಿಯಲ್ಲಿ ಕರಿಯಬೇಕು. ಗಾರಿಗೆ ಎಣ್ಣೆಯಲ್ಲಿ ಬಿಚ್ಚಿಕೊಂಡರೆ, ಎಣ್ಣೆ ಕುಡಿದರೆ ಬೆಲ್ಲ ಹೆಚ್ಚಾಗಿದೆ ಎಂದೇ ಅರ್ಥ; ಉಳಿದ ಹಿಟ್ಟಿಗೆ ಇನ್ನೊಂದು ಮುಷ್ಟಿ ಗೋದಿಹಿಟ್ಟು ಸೇರಿಸಿ. ಬೆಲ್ಲ ಮಹಾಲಿಂಗಪುರದ ಕಡೆಯದಿದ್ದು ಬಣ್ಣ ಗಾಢವಾಗಿದ್ದರೆ ಗಾರಿಗೆ ಕಪ್ಪಗಾಗುತ್ತದೆಂದು ಕೆಲವರು ಬಿಳಿ ಬೆಲ್ಲ ಹುಡುಕುತ್ತಾರೆ. ನನಗೆ ಆ ಕಪ್ಪೇ ಇಷ್ಟ.

ಪಲ್ಯಕ್ಕೆ ಮಾತ್ರ ಬಟರ್‌ನಟ್ ತರಬೇಡಿ. ಜೋಳದ ರೊಟ್ಟಿಯಿಂದ ಹಿಡಿದು ತಿನ್ನಬೇಕಾದ ಪಲ್ಯದಲ್ಲಿ ಹೋಳು ಹೋಳಾಗಿಯೇ ಇರಬೇಕು, ಬಟರ್‌ನಟ್ ಮುದ್ದೆಯಾಗುತ್ತದೆ. ಹಳೆಯ ಗೆರೆಕಾಯಿಯನ್ನು ಸಿಪ್ಪೆಸಹಿತ ದೊಡ್ಡ ಹೋಳು ಮಾಡಿ, ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನೀರು ಇಟ್ಟು, ಆವಿಯಲ್ಲೇ ಬೇಯಿಸಿ. ಮುಕ್ಕಾಲು ಬೆಂದಾಗ ಹುಣಸೆರಸ, ಬೆಲ್ಲ, ಮಸಾಲೆಖಾರ. ಇಳಿಸುವಾಗ ಹುರಿದ ಗುರೆಳ್ಳಿನ ಪುಡಿ. ಶೇಂಗಾಪುಡಿ ಹಾಕುವವರೂ ಇದ್ದಾರೆ, ಆದರೆ ಎಳ್ಳಮಾಸಿಯ ಚರಗಕ್ಕೆ ಸಜ್ಜೆರೊಟ್ಟಿಯ ಜೊತೆ ಕಟ್ಟಿಕೊಂಡು ಹೋಗುವ ಪಲ್ಯಕ್ಕೆ ಗುರೆಳ್ಳಿಗೆ ಸಮನಾದದ್ದಿಲ್ಲ.

ದೊಡ್ಡ ಕುಂಬಳಕ್ಕೆ ಮೊದಲ ಪೆಟ್ಟು ಗಂಡಸರೇ ಹಾಕಬೇಕೆಂಬ ರೂಢಿ ನಮ್ಮಲ್ಲಿದೆ. ಇದರ ಧಾರ್ಮಿಕ ಕಾರಣ ಏನೇ ಇರಲಿ, ಬಲಿತ ಗೆರೆಕಾಯಿಯ ಸಿಪ್ಪೆಯನ್ನು ಈಳಿಗೆಯಲ್ಲಿ ಸೀಳಲು ಹೋದವರಿಗೆ ಅದರ ಉಪಯೋಗ ತಿಳಿಯುತ್ತದೆ. ಅಂದೇ ಪಲ್ಯ ಬೇಕೆನ್ನುವ ಟಿಳಕವಾಡಿಯ ಯಜಮಾನರಿಗೆ ಈ ಕೆಲಸ ಒಪ್ಪಿಸಿರಿ.

ಶಹಾಪುರದ ಸೊಸೆ (ಬೆಳಗಾವಿ)

ಬಟರ್‌ನಟ್ ಅನ್ನು ಭರ್ತಕ್ಕೆ ಬಳಸಿ ನೋಡಿ. ಉದ್ದಕ್ಕೆ ಎರಡು ಹೋಳು ಮಾಡಿ, ಕೊಯ್ದ ಮೈಗೆ ಎಣ್ಣೆ ಸವರಿ, ಒಲೆಯ ಕೆಂಡದ ಬಳಿಯೋ ಓವನ್ನಿನಲ್ಲೋ ಅಂಚು ಕಂದುವವರೆಗೆ ಸುಟ್ಟು, ಚಮಚದಿಂದ ತಿರುಳು ತೆಗೆದು, ಗಟ್ಟಿಯಾದ ಮೊಸರು, ಉಪ್ಪು, ಹಸಿಮೆಣಸಿನಕಾಯಿಯ ಒಗ್ಗರಣೆ ಕೂಡಿಸಿ. ನಮ್ಮ ಮನೆಯ ಮರಾಠಿ ಮಾತಿನ ಹಿರಿಯರು ಇದನ್ನು ಕೆಂಪು ಕುಂಬಳದಿಂದ ಮಾಡುತ್ತಾರೆ. ಬಟರ್‌ನಟ್‌ನಲ್ಲಿ ನಾರು ಇಲ್ಲದಿರುವುದರಿಂದ ಇನ್ನೂ ನುಣ್ಣಗೆ ಬರುತ್ತದೆ.

ಇಂಡಿಯ ಎರೆಹೊಲ (ವಿಜಯಪುರ)

ನವನಗರದವರ ಲೆಕ್ಕ ಸರಿಯಿದೆ. ನಮ್ಮ ಹೊಲದ ಸುತ್ತ ಇನ್ನೂ ಹಳೆಯದನ್ನೇ ಬೆಳೆಯುವವರಿದ್ದಾರೆ, ಆದ್ದರಿಂದ ನನಗೆ ದಾರ ಬೇಕಾಗಿಲ್ಲ. ಊರೊಳಗೆ ಎರಡು ಬಳ್ಳಿ ಇಟ್ಟವರಿಗೆ ಬೇಕು ಎಂಬಲ್ಲಿಗೆ ಒಪ್ಪುತ್ತೇನೆ.

ಬೀಜ ಇಡುವ ರೀತಿಯನ್ನು ಯಾರೂ ಬರೆದಿಲ್ಲ. ತಿರುಳಿನ ಎಳೆ ಹೋಗುವಂತೆ ಬೀಜವನ್ನು ತೊಳೆದು, ನೀರಿನಲ್ಲಿ ತೇಲುವ ಜೊಳ್ಳನ್ನು ಚೆಲ್ಲಿ, ನೆರಳಿನಲ್ಲಿ ಒಣಗಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಹರಡಿದರೆ ಮೊಳಕೆ ಸತ್ತೇಹೋಗುತ್ತದೆ. ಎರಡು ಬೆರಳಿನಲ್ಲಿ ಬಗ್ಗಿಸಿದಾಗ ಬಾಗದೆ ಚಟ್ಟನೆ ಮುರಿದರೆ ಒಣಗಿದೆ ಎಂದರ್ಥ. ಆಯಿ ಹಸಿ ಸೆಗಣಿಯ ಕುಳ್ಳಿನಲ್ಲಿ ಬೀಜ ಒತ್ತಿ ಗೋಡೆಗೆ ಬಡಿಯುತ್ತಿದ್ದಳು, ಕುಳ್ಳು ಒಣಗಿದ ಮೇಲೆ ಹುಳು ಅದನ್ನು ಮುಟ್ಟುತ್ತಿರಲಿಲ್ಲ, ಊರುವ ದಿನ ಕುಳ್ಳು ಮುರಿದರೆ ಬೀಜ ಸಿಗುತ್ತಿತ್ತು. ಗೋಡೆಯಿಲ್ಲದವರು ಸೋಸಿದ ಒಣ ಬೂದಿಯಲ್ಲಿ ಬೆರೆಸಿ ಗಾಜಿನ ಸೀಸೆಗೆ ತುಂಬಿ, ತಂಪಾದ ಕತ್ತಲೆ ಜಾಗದಲ್ಲಿ ಇಟ್ಟರೆ ನಾಲ್ಕು ವರ್ಷ ಮೊಳೆಯುವ ಶಕ್ತಿ ಇರುತ್ತದೆ.

ಕಾಯಿಯನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಒಂದಕ್ಕೊಂದು ಮುಟ್ಟಿಸಿಯೂ ಇಡಬೇಡಿ. ಮಣ್ಣಿನ ಮಾಳಿಗೆಯ ಮನೆಯಲ್ಲಿ ನೆಲುವು ಇದ್ದವರಿಗೆ ಯುಗಾದಿಯವರೆಗೆ ಬಾಳುತ್ತದೆ. ಆರ್‌ಸಿಸಿ ಮನೆಯಲ್ಲಿ ಶಿವರಾತ್ರಿ ದಾಟಿದ ಮೇಲೆ ವಿಜಯಪುರದ ಸೆಕೆಗೆ ಉಳಿಯುವುದಿಲ್ಲ, ಅಷ್ಟರೊಳಗೆ ತಿಂದು ಮುಗಿಸಿ.

ಟಿಳಕವಾಡಿ ಹಿತ್ತಲು (ಬೆಳಗಾವಿ)

ಹಾಗಾದರೆ ಪುನರ್ವಸು ಮಳೆಗೆ ಹಿತ್ತಲಿನಲ್ಲಿ ಅತ್ತೆಯವರ ಬೀಜ, ಅಂಗಳದ ಚಪ್ಪರಕ್ಕೆ ಬಟರ್‌ನಟ್ ಹಾಕುತ್ತೇವೆ. ದಾರ ಕಟ್ಟುವ ಕೆಲಸ ಮಗಳು ವಹಿಸಿಕೊಂಡಿದ್ದಾಳೆ. ಒಂದು ಸಂಶಯ ಉಳಿಯಿತು. ಚಪ್ಪರದ ಮೇಲಿನ ಕಾಯಿ ಭಾರಕ್ಕೆ ತೊಟ್ಟು ಮುರಿದು ಬೀಳುವುದಿಲ್ಲವೇ?

ನವನಗರದ ಕೈತೋಟ (ಬಾಗಲಕೋಟೆ)

ಬಟರ್‌ನಟ್ ಕಾಯಿ ಸಾಮಾನ್ಯವಾಗಿ ಒಂದೂವರೆ ಎರಡು ಕಿಲೋ ಮೀರುವುದಿಲ್ಲ, ತೊಟ್ಟು ತಡೆಯುತ್ತದೆ. ಆದರೂ ಗಾಳಿಗೆ ತೂಗಾಡಿ ಬಳ್ಳಿಯೇ ಜಾರುವುದರಿಂದ, ಕಾಯಿ ತೆಂಗಿನಕಾಯಿಯಷ್ಟಾದಾಗ ಹಳೆಯ ಇಳಕಲ್ ಸೀರೆಯ ತುಂಡನ್ನು ಜೋಳಿಗೆ ಮಾಡಿ ಚಪ್ಪರದ ಗಳಕ್ಕೆ ಕಟ್ಟಿ, ಕಾಯಿಯನ್ನು ಅದರಲ್ಲಿ ಕೂಡಿಸಿ. ಪ್ಲಾಸ್ಟಿಕ್ ಚೀಲ ಬೇಡ, ಮಳೆನೀರು ನಿಂತು ಕಾಯಿಯ ತಳ ಕೊಳೆಯುತ್ತದೆ. ಗೆರೆಕಾಯಿಯನ್ನು ಮಾತ್ರ ಚಪ್ಪರಕ್ಕೆ ಏರಿಸದೆ ನೆಲದಲ್ಲೇ ಹಬ್ಬಿಸಿ, ಕಾಯಿಯ ಕೆಳಗೆ ಒಣ ಕಣಿಕೆಯನ್ನೋ ಹಂಚಿನ ಚೂರನ್ನೋ ಇಡಿ.